ಉಣ್ಣಲು ಕೂತ ಹುಡುಗಿಯ ಅಂಜಿಕೆ

‘ಸ್ಫೂರ್ತಿ’ ಎಂಬ ಶಬ್ದ ನಮ್ಮ ಶಾಲೆಗಳಲ್ಲಿ ಬಳಸಿ ಬಳಸಿ ಸವೆದ ನಾಣ್ಯದಂತಾಗಿದೆ. ಗ್ಯಾದರಿಂಗಿನ ದಿನ ಬಂದ ಅತಿಥಿಗಳು ಸ್ಫೂರ್ತಿ, ನಿವೃತ್ತರಾಗುವ ಮುಖ್ಯಾಧ್ಯಾಪಕರು ಸ್ಫೂರ್ತಿ, ಸುಣ್ಣ ಬಳಿದ ಗೋಡೆಯ ಮೇಲೆ ಬರೆಯಿಸಿದ ಸಾಲುಗಳು ಸ್ಫೂರ್ತಿ. ಇಪ್ಪತ್ತೆಂಟು ವರ್ಷಗಳಿಂದ ಕನ್ನಡ ಕಲಿಸುತ್ತ ಬಂದಿದ್ದೇನೆ. ಮೊದಲು ಹಿರೇಕೆರೂರು, ಆಮೇಲೆ ಸವಣೂರು, ಶಿಗ್ಗಾವಿ, ಈಗ ಹಾನಗಲ್ಲು. ನಾನು ಹುಟ್ಟಿ ಬೆಳೆದ ಕಾಲಕ್ಕೆ ಇವೆಲ್ಲ ಧಾರವಾಡ ಜಿಲ್ಲೆಯ ತಾಲೂಕುಗಳು. 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿದವು. ಈ ನಾಲ್ಕೂ ತಾಲೂಕುಗಳಲ್ಲಿ ದೊಡ್ಡವರ ಹೆಸರಿಗೆ ಬರಗಾಲವೇನೂ ಇಲ್ಲ. ಯಾವ ಶಾಲೆಗೆ ವರ್ಗವಾಗಿ ಹೋದರೂ ಗೋಡೆಯ ಮೇಲೆ ಒಬ್ಬರಲ್ಲ ಒಬ್ಬರು ನನ್ನನ್ನು ಎದುರುಗೊಂಡಿದ್ದಾರೆ. ಅವರ ಪುಸ್ತಕ, ಅವರ ಹಾಡು ನಮ್ಮ ಮಕ್ಕಳ ಒಳಗೆ ಏನು ಮಾಡುತ್ತವೆ ಎಂಬುದನ್ನು ಮಾತ್ರ ನಾವು ಕೇಳಿಕೊಳ್ಳುವುದು ಕಡಿಮೆ.

ಹಿರೇಕೆರೂರಿನ ಸೀಮೆಯಲ್ಲಿದ್ದಾಗ ಸರ್ವಜ್ಞನದೇ ರಾಜ್ಯ. ಮಾಸೂರು, ಅಬಲೂರು ಹತ್ತಿರದ ಊರುಗಳು. ಮಾಸೂರಿನ ಬಸವರಸನ ಮಗ, ಅಬಲೂರಿನ ಕುಂಬಾರ ಮಾಳಿಯ ಹೊಟ್ಟೆಯಲ್ಲಿ ಹುಟ್ಟಿದವ ಎಂಬ ಕಥೆ ಅಲ್ಲಿಯ ಹುಡುಗರಿಗೆ ಪಾಠಕ್ಕಿಂತ ಮೊದಲೇ ಗೊತ್ತು. ಶಾಲೆಯ ಗೋಡೆಗೆ ನಾವು ಆರಿಸಿ ಬರೆಯಿಸುವ ತ್ರಿಪದಿಗಳು ಯಾವುವು? ವಿದ್ಯೆಯ ಮೇಲಿನದು, ಸಾಲದ ಮೇಲಿನದು, ಊಟದ ಹಿತಮಿತದ ಮೇಲಿನದು. ಊರೂರು ಅಲೆದ, ಮನೆಯಿಲ್ಲದ, ಜಾತಿಯ ಹೆಚ್ಚುಗಾರಿಕೆಯನ್ನು ಮುಖಕ್ಕೆ ಹೊಡೆದ ಹಾಗೆ ಕೇಳಿದ ಆ ಸಿಟ್ಟಿನ ಮನುಷ್ಯ ಗೋಡೆಗೆ ಏರುವಷ್ಟರಲ್ಲಿ ಒಳ್ಳೆಯ ನಡತೆಯ ಮಾಸ್ತರನಾಗಿಬಿಡುತ್ತಾನೆ. ಹೆಂಗಸರನ್ನು ಕುರಿತು ಅವನ ಹೆಸರಿನಲ್ಲಿರುವ ಕೆಲವು ತ್ರಿಪದಿಗಳು ನನಗೆ ಎಂದೂ ಸೇರಿಲ್ಲ. ಅವನ್ನು ಮುಚ್ಚಿಡುವುದಕ್ಕಿಂತ ಓದಿ ಜಗಳಾಡುವುದು ಒಳ್ಳೆಯದೆಂದು ನನ್ನ ಮತ. ಉತ್ತಂಗಿ ಚನ್ನಪ್ಪನವರು ಹೀಗೆ ಆರಿಸಲಿಲ್ಲ. ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದ ಅವರು ಜನರ ಬಾಯಲ್ಲಿ, ಹಳೆಯ ಓಲೆಗಳಲ್ಲಿ ಹರಿದು ಹಂಚಿಹೋಗಿದ್ದ ವಚನಗಳನ್ನು ವರ್ಷಗಟ್ಟಲೆ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಬೈಬಲ್ ಹಿಡಿದವರೊಬ್ಬರು ಶೈವ ಅಲೆಮಾರಿಯೊಬ್ಬನ ಬೆನ್ನು ಹತ್ತಿದ್ದು ಸಾಮಾನ್ಯ ಸಂಗತಿಯಲ್ಲ. ಆ 1924ನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು.

ಶಿಗ್ಗಾವಿಯಲ್ಲಿ ಕನಕದಾಸರ ಬಾಡ ಒಂದು ಕಡೆಗೆ, ಶರೀಫರ ಶಿಶುನಾಳ ಇನ್ನೊಂದು ಕಡೆಗೆ. ಶರೀಫರು ಕೆಲಕಾಲ ನಮ್ಮ ಹಾಗೆ ಶಾಲಾಮಾಸ್ತರರಾಗಿದ್ದರು ಎಂಬುದನ್ನು ನೆನೆದರೆ ನನಗೆ ಸಣ್ಣ ಹೆಮ್ಮೆ. ನೌಕರಿ ಬಿಟ್ಟು ನಡೆದರು ಎಂಬುದನ್ನು ನೆನೆದರೆ ಸಣ್ಣ ಅಸೂಯೆ. ಕಳಸದ ಗೋವಿಂದಭಟ್ಟರು ಮುಸಲ್ಮಾನ ಹುಡುಗನನ್ನು ಶಿಷ್ಯನೆಂದು ಕೂಡಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಹಳ್ಳಿಯಲ್ಲಿ ಆದದ್ದು. ಇಬ್ಬರೂ ಎರಡೂ ಕಡೆಯವರಿಂದ ಅನ್ನಿಸಿಕೊಂಡಿರಬೇಕು. 1990ರಲ್ಲಿ ನಾಗಾಭರಣರ ಸಿನಿಮಾ ಬಂತು, ಅಶ್ವತ್ಥರ ಸಂಗೀತದಿಂದ ಆ ಹಾಡುಗಳು ಬೆಂಗಳೂರಿನ ಮನೆ ಮನೆ ಹೊಕ್ಕವು. ಅದು ಉಪಕಾರವೇ. ಆದರೆ ಈಗ ತಾಲೂಕಾ ಮಟ್ಟದ ಸ್ಪರ್ಧೆಗೆ ಬರುವ ನಮ್ಮ ಮಕ್ಕಳು ಎಲ್ಲರೂ ಅಶ್ವತ್ಥರ ಏರುದನಿಯಲ್ಲೇ ಹಾಡುತ್ತಾರೆ. ಪಕ್ಕದ ಓಣಿಯಲ್ಲಿ ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯೆಲ್ಲ ಭಜನೆ ಮಾಡುವ ಮುದುಕರ ಧಾಟಿ ಅವರಿಗೆ ಬೇಡವಾಗಿದೆ. ಮುದುಕರು ಹಾಡುವಾಗ ಆ ಹಾಡು ಒಗಟು. ಮಕ್ಕಳು ಸ್ಪರ್ಧೆಯಲ್ಲಿ ಹಾಡುವಾಗ ಅದು ಬಹುಮಾನ.

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೂ ಇಂಥದೇ ವಿಚಾರ ಬಂತು. ಅದೇ ತಾಲೂಕಿನ ಕಲಾವಿದರಾದ ಟಿ. ಬಿ. ಸೊಲಬಕ್ಕನವರ ಅವರು ತಮ್ಮ ಸಂಗಡಿಗರೊಡನೆ ಹಳ್ಳಿಯ ಬದುಕನ್ನು ಆಳೆತ್ತರದ ಸಿಮೆಂಟಿನ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ದೊಡ್ಡಾಟಕ್ಕೆ ಮತ್ತೆ ಜೀವ ತುಂಬಲು ದುಡಿದ ಮನುಷ್ಯ ಅವರು, 2020ರಲ್ಲಿ ತೀರಿಕೊಂಡರು. ಪಟ್ಟಣದವರು ಅಲ್ಲಿ ‘ಅಬ್ಬಾ, ಥೇಟ್ ನಿಜ’ ಎನ್ನುತ್ತಾರೆ. ನಮ್ಮ ಮಕ್ಕಳಿಗೆ ನಿಜವಾದದ್ದು ಮನೆಯಲ್ಲೇ ಇರುವುದರಿಂದ ಅವರು ಬೇರೆ ರೀತಿ ನೋಡಿದರು. ‘ಇಲ್ಲಿ ಎಲ್ಲಾರೂ ನಗಾಕತ್ತಾರಲ್ರಿ’ ಎಂದು ಒಬ್ಬ ಹುಡುಗ ಅಂದ. ಎಲ್ಲ ಶಿಲ್ಪಗಳೂ ನಗುತ್ತಿಲ್ಲ, ಅವನು ಹೇಳಿದ್ದು ಪೂರ್ಣ ಸರಿಯಲ್ಲ. ಆದರೂ ಕೈಕೆಲಸದ ಸೊಗಸು ಮುಗಿದ ಮೇಲೆ ಕಲೆಗೆ ಕೇಳಬೇಕಾದ ಪ್ರಶ್ನೆಯನ್ನೇ ಅವನು ಕೇಳಿದ್ದ.

ಸವಣೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಕಾಕರು 1909ರಲ್ಲಿ ಹುಟ್ಟಿದ ಊರು, 1990ರ ಜ್ಞಾನಪೀಠದ ಊರು ಎಂದು ಅಲ್ಲಿಯ ಮಕ್ಕಳು ಪಾಠ ಒಪ್ಪಿಸುತ್ತಾರೆ. ‘ಭಾರತ ಸಿಂಧು ರಶ್ಮಿ’ಯನ್ನು ಶಾಲಾಮಕ್ಕಳಿಗೆ ಓದಿಸುವುದು ನನ್ನಿಂದಾಗುವ ಕೆಲಸವಲ್ಲ, ದೊಡ್ಡಹುಣಸೆ ಮರಗಳ ಕೆಳಗೆ ಕೂಡಿಸಿ ಅವರ ಸಣ್ಣ ಕವಿತೆಗಳನ್ನು ಓದಿಸಿದ್ದೇನೆ. ಮರಗಳೇ ಗೆದ್ದವು.

ಹಾನಗಲ್ಲಿಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಒಂದು ಅವ್ಯಯ. ವ್ಯಾಕರಣದ ಅವ್ಯಯವೇ: ‘ಆದರೂ’. ಈ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಕುರುಡರಾದರೂ ಗಾಯಕರಾದರು. ಪುಟ್ಟರಾಜರು ಕಣ್ಣಿಲ್ಲದಿದ್ದರೂ ಮೂರು ಭಾಷೆಗಳಲ್ಲಿ ಬರೆದರು. ಗಂಗೂಬಾಯಿಯವರು ಹೆಣ್ಣಾದರೂ ಕಿರಾಣಾ ಘರಾಣೆಯ ಹಿರಿಯರಾದರು. ಮಕ್ಕಳ ಪ್ರಬಂಧಗಳಲ್ಲಿ ಈ ‘ಆದರೂ’ ಬಿದ್ದ ಕಡೆಯಲ್ಲೆಲ್ಲ ನಾನು ಕೆಂಪು ಗೆರೆ ಎಳೆಯುತ್ತೇನೆ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದಿದ್ದರೂ ದೊಡ್ಡವರಾದದ್ದಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಇಬ್ಬರು ಅಣ್ಣತಮ್ಮಂದಿರಿಗೆ ಸಂಗೀತ ಕಲಿಸಬೇಕೆಂದು ಹೊಣೆ ಹೊತ್ತರು. ಆ ಹುಡುಗ ಕರ್ನಾಟಕ, ಹಿಂದುಸ್ತಾನಿ ಎರಡನ್ನೂ ಕಲಿತ, ಕಲಿತದ್ದನ್ನು ತನ್ನಂಥ ಮಕ್ಕಳಿಗೆ ಕಲಿಸಲು ಆಶ್ರಮ ಕಟ್ಟಿದ, ಆಶ್ರಮದ ಹೊಟ್ಟೆಗಾಗಿ ನಾಟಕ ಕಂಪನಿ ನಡೆಸಿದ. ಇಲ್ಲಿ ಒಬ್ಬ ಕೈ ಹಿಡಿದದ್ದಿದೆ, ಊರೂರು ತಿರುಗಿದ ಬಂಡಿಯಿದೆ, ಸಾಲವೂ ಇದ್ದಿರಬೇಕು. ‘ಆದರೂ’ ಅಂದೊಡನೆ ಇದೆಲ್ಲ ಒರೆಸಿಹೋಗಿ ಒಂದು ಪವಾಡ ಉಳಿಯುತ್ತದೆ. ಪವಾಡದಿಂದ ಯಾರೂ ಏನನ್ನೂ ಕಲಿಯಲಾಗದು, ಕೈ ಮುಗಿಯಬಹುದು ಅಷ್ಟೆ.

ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಪುಸ್ತಕವನ್ನು ಎಂಟನೇ ಇಯತ್ತೆಯ ಹುಡುಗಿಯರಿಗೆ ಶನಿವಾರ ಓದಿ ಹೇಳತೊಡಗಿದ್ದು ಈ ಸಿಟ್ಟಿನಿಂದಲೇ ಎನ್ನಬಹುದು. ಅವರು ಹೇಳಿ, ಎನ್ಕೆ ಅವರು ಬರೆದುಕೊಂಡ ಆತ್ಮಕಥೆ ಅದು. ಹೇಳಿ ಬರೆಯಿಸಿದ ಪುಸ್ತಕಗಳಲ್ಲಿ ಬರೆದುಕೊಂಡವರ ಭಾಷೆ ಎಷ್ಟೋ ಸಲ ಹೇಳಿದವರ ಬಾಯಿ ಮುಚ್ಚುತ್ತದೆ. ಇಲ್ಲಿ ಹಾಗಾಗಿಲ್ಲ, ಓಣಿಯ ಕಟ್ಟೆಯ ಮೇಲೆ ಕೂತು ಹಿರಿಯಾಕೆಯೊಬ್ಬಳು ಮಾತಾಡಿದಂತೆ ಕೇಳುತ್ತದೆ. ಅವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹಾನಗಲ್ಲು ಮನೆತನದ ಊರು, ಹೆಸರಿನಲ್ಲಿ ಉಳಿಯಿತು. ನಮ್ಮ ಹುಡುಗಿಯರಿಗೆ ಮೊದಲು ಹಿಡಿದದ್ದೂ ಇದೇ: ಬಸ್ಸಿನ ಬೋರ್ಡಿನ ಮೇಲಿರುವ ಊರಿನ ಹೆಸರು ಪುಸ್ತಕದ ಮುಖಪುಟದ ಮೇಲೆ ಹೆಂಗಸೊಬ್ಬರಿಗೆ ಸೇರಿತ್ತು.

ಪುಸ್ತಕದ ಬಲ ಇರುವುದು ಪ್ರಶಸ್ತಿಗಳಲ್ಲಿ ಅಲ್ಲ. 1971ರ ಪದ್ಮಭೂಷಣ, 2002ರ ಪದ್ಮವಿಭೂಷಣ ಮಕ್ಕಳಿಗೆ ಬಾಯಿಪಾಠಕ್ಕೆ ಚೆನ್ನ. ಬಲ ಇರುವುದು ಚಿಕ್ಕಂದಿನ ಸಣ್ಣ ಸಂಗತಿಗಳಲ್ಲಿ. ಧಾರವಾಡದಲ್ಲಿ ನೆರೆಯ ಮೇಲ್ಜಾತಿಯವರ ತೋಟದೊಳಗೆ ಮಾವಿನಹಣ್ಣಿಗೆಂದು ನುಗ್ಗಿದಾಗ ಅವರಿಗೆ ಕಳ್ಳತನಕ್ಕಿಂತ ಹಾಡುವವರ ಮನೆಯ ಹುಡುಗಿ ಒಳಗೆ ಕಾಲಿಟ್ಟದ್ದೇ ದೊಡ್ಡ ಅಪರಾಧವಾಗಿ ಕಂಡಿತು. ಓಣಿಯಲ್ಲಿ ನಡೆದರೆ ಹಾಡುವಾಕಿ ಬಂದಳು ಎಂದು ಕುಚೋದ್ಯ. ಇದನ್ನೆಲ್ಲ ಅವರು ಸಿಟ್ಟಿಲ್ಲದೆ, ಒಂದು ಬಗೆಯ ಒಣ ನಗೆಯಿಂದ ಹೇಳುತ್ತಾರೆ. ನನಗೆ ಕೆಲವು ಸಲ ಆ ತಾಳ್ಮೆ ಹೆಚ್ಚಾಯಿತು ಅನ್ನಿಸುತ್ತದೆ. ಗಂಡು ಗಾಯಕರು ಮುಸಲ್ಮಾನರಾದರೆ ಉಸ್ತಾದರು, ಹಿಂದೂಗಳಾದರೆ ಪಂಡಿತರು, ಹೆಂಗಸರು ಮಾತ್ರ ಎಷ್ಟು ಹಾಡಿದರೂ ಬಾಯಿಗಳೇ ಎಂದು ಅವರು ಆಡಿದ ಮಾತು ಬಲ್ಲವರಿಗೆಲ್ಲ ಗೊತ್ತು. ಅಷ್ಟು ಹರಿತವಾದ ನಾಲಿಗೆ ಇದ್ದವರು ಮಾವಿನಹಣ್ಣಿನ ಮನೆಯವರನ್ನು ಇಷ್ಟು ಮೆತ್ತಗೆ ಬಿಟ್ಟುಕೊಟ್ಟದ್ದೇಕೆ? ದೊಡ್ಡವರಾದ ಮೇಲೆ ಅಂಥವರೇ ಮನೆಗೆ ಕರೆದು ಸತ್ಕರಿಸಿದ್ದು ಸಾಕೆನಿಸಿತೋ ಏನೋ.

ಇನ್ನು ಬೆಳಗಾವಿ. 1924ರ ಡಿಸೆಂಬರ್, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ. ಹುಯಿಲಗೋಳ ನಾರಾಯಣರಾಯರು ಕನ್ನಡ ನಾಡಿನ ಉದಯವನ್ನು ಹಾರೈಸಿ ಬರೆದ ಗೀತೆ ಅಲ್ಲಿ ಮೊಳಗಿತು. ಸ್ವಾಗತಕ್ಕೆ ಹಾಡಿದ ಬಾಲೆಯರಲ್ಲಿ ಗಂಗೂಬಾಯಿಯೂ ಒಬ್ಬಳು. ಈ ಸಂಗತಿಯನ್ನು ಭಾಷಣಕಾರರೆಲ್ಲ ಹೇಳುತ್ತಾರೆ, ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಗಂಗೂಬಾಯಿಯವರು ನಿಲ್ಲಿಸಿಲ್ಲ. ಆ ಹುಡುಗಿಯ ಎದೆಯಲ್ಲಿದ್ದ ಅಂಜಿಕೆ ಹಾಡಿನದಲ್ಲ, ಊಟದ್ದು. ತನ್ನನ್ನು ಬೇರೆ ಕೂಡಿಸಿಯಾರೇ, ಉಂಡ ಎಂಜಲೆಲೆ ಎತ್ತಲಿಕ್ಕೆ ಹಚ್ಚಿಯಾರೇ ಎಂಬುದು. ಸಾವಿರಾರು ಜನರ ಮುಂದೆ, ಇಡೀ ದೇಶ ಕೈಮುಗಿಯುತ್ತಿದ್ದ ಮನುಷ್ಯನ ಮುಂದೆ ನಿಂತು ದನಿ ತೆಗೆಯುವ ಹುಡುಗಿಗೆ ಪಂಕ್ತಿಯಲ್ಲಿ ಕೂಡ್ರುವ ಧೈರ್ಯ ಸಾಲದು. ನಾಡು ಉದಯವಾಗಲೆಂದು ಹಾಡುವ ಬಾಯಿ ಅದು. ಅದೇ ಬಾಯಿಗೆ ಅನ್ನ ಎಲ್ಲಿ ಕೂತು ಹಾಕಬೇಕೆಂಬುದು ತಿಳಿಯದು. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬೆಳಗಾವಿ ಅಧಿವೇಶನಕ್ಕೆ ಎಷ್ಟೋ ಪುಟಗಳಿವೆ, ಈ ಒಂದು ತುತ್ತಿಗೆ ಇಲ್ಲ. ಇದೇ ಆತ್ಮಕಥೆಯ ಕೆಲಸ. ಚನ್ನಪ್ಪನವರ ಸರ್ವಜ್ಞ ಅಚ್ಚಾದ ವರ್ಷವೂ ಅದೇ ಎಂಬುದು ಬರೇ ಕಾಕತಾಳೀಯ, ಆದರೆ ಪಾಠ ಮಾಡುವವರಿಗೆ ಬಹಳ ಉಪಯೋಗದ ಕಾಕತಾಳೀಯ. ಜಾತಿಯನ್ನು ಜರೆದ ಕವಿ ಪುಸ್ತಕವಾಗಿ ಕೈಗೆ ಬಂದ ವರ್ಷವೇ ಪಂಕ್ತಿಗೆ ಅಂಜುವ ಹುಡುಗಿಯೂ ಇದ್ದಳು.

ಪುಸ್ತಕದ ಇನ್ನೊಂದು ಎಳೆಯ ಬಗೆಗೆ ನನ್ನ ತಕರಾರಿದೆ. ತಕರಾರು ಪುಸ್ತಕಕ್ಕಿಂತ ಹೆಚ್ಚಾಗಿ ಅದನ್ನು ನಾವು ವೇದಿಕೆಯ ಮೇಲೆ ಹೇಳುವ ರೀತಿಯದು. ತಾಯಿ ಅಂಬಾಬಾಯಿಯವರು ಒಳ್ಳೆಯ ಕರ್ನಾಟಕ ಸಂಗೀತ ಗಾಯಕಿ. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ ತನ್ನ ಹಾಡು ಆಕೆಯ ಕಿವಿಗೆ ಬಿದ್ದು ಕಲಿಕೆ ಕೆಡಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. ಮಗಳ ವಿದ್ಯೆಗಾಗಿ 1928ರಲ್ಲಿ ಸಂಸಾರ ಹುಬ್ಬಳ್ಳಿಗೆ ಬಂತು, 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ತಾಯಿಯ ತ್ಯಾಗ ಎಂದು ಇದನ್ನು ಹೇಳಿ ನಾವು ಕಣ್ಣೊರೆಸಿಕೊಳ್ಳುತ್ತೇವೆ. ಹುಡುಗಿಯರೇ ತುಂಬಿದ ವರ್ಗದಲ್ಲಿ ಇದನ್ನು ಓದುವಾಗ ನನಗೆ ಅಷ್ಟು ಸುಲಭವಾಗಿ ಕಣ್ಣೀರು ಬರಲಿಲ್ಲ. ಒಂದು ದನಿ ತೆರೆಯಬೇಕಾದರೆ ಮನೆಯಲ್ಲಿ ಇನ್ನೊಂದು ಹೆಣ್ಣುದನಿ ಮುಚ್ಚಬೇಕೆಂಬುದನ್ನು ಆದರ್ಶವೆಂದು ಇವರಿಗೆ ಕಲಿಸಲೇ? ಗಂಗೂಬಾಯಿಯವರು ತಾಯಿಯ ಋಣವನ್ನು ಮರೆಯಲಿಲ್ಲ, ಅದು ನಿಜ. ಆದರೆ ಅಂಬಾಬಾಯಿಗೆ ಒಂದು ಮುಂಜಾನೆಯಾದರೂ ತನ್ನ ರಾಗ ಹಾಡಬೇಕೆನಿಸಿರಲಿಲ್ಲವೆ? ಈ ಪ್ರಶ್ನೆಗೆ ಜಾಗ ಕೊಡದೆ ತ್ಯಾಗದ ಕಥೆ ಹೇಳುವವರನ್ನು ನಾನು ನಂಬುವುದಿಲ್ಲ. ಹುಡುಗಿಯರಲ್ಲಿ ಕೆಲವರು ‘ಅವ್ವ ಹಂಗ ಮಾಡೂದು ಸರಿ’ ಎಂದರು. ಒಬ್ಬಳು ‘ಅಪ್ಪ ಏನ್ ಬಿಟ್ರ್ರಿ?’ ಎಂದು ಕೇಳಿದಳು. ವರ್ಗವೆಲ್ಲ ನಕ್ಕಿತು, ನಾನೂ ನಕ್ಕೆ, ಪ್ರಶ್ನೆ ಮಾತ್ರ ಹಾಗೆಯೇ ನಿಂತಿತು.

ಮೊಬೈಲಿನಲ್ಲಿ ಅವರ ಹಾಡನ್ನೂ ಕೇಳಿಸಿದೆ. ಎಳೆಯ ವಯಸ್ಸಿನ ಗ್ರಾಮೊಫೋನ್ ತಟ್ಟೆಗಳಲ್ಲಿ ದನಿ ತೆಳುವಾಗಿ, ಚುರುಕಾಗಿ ಓಡುತ್ತದೆ. ಗಂಟಲಿನ ಚಿಕಿತ್ಸೆಯಾದ ನಂತರದ ದನಿ ಬೇರೆಯೇ. ನೆಲದೊಳಗಿಂದ ಎದ್ದು ಬರುವಂಥದು. ‘ಇದು ಗಂಡಸರು ಹಾಡಿದ್ದಲ್ಲೇನ್ರಿ ಅಕ್ಕೋರ?’ ಎಂದು ಕೇಳಿದವಳು ನಮ್ಮ ಹುಡುಗಿಯೊಬ್ಬಳೇ ಅಲ್ಲ, ರೇಡಿಯೋ ಕೇಳುವವರೂ ಹಾಗೇ ಮೋಸಹೋಗುತ್ತಿದ್ದರಂತೆ. ಹೆಣ್ಣಿನ ದನಿ ಹೀಗಿರಬೇಕು ಎಂಬ ಲೆಕ್ಕಕ್ಕೆ ಅದನ್ನು ತಿದ್ದಿಕೊಳ್ಳದೆ, ಇದ್ದ ದನಿಯಲ್ಲೇ ಸವಾಯಿ ಗಂಧರ್ವರ ಕಲಿಕೆಯನ್ನು ತುಂಬಿದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಕಲಿತು, ರಾತ್ರಿ ಮರಳುತ್ತಿದ್ದರು. ಒಂದು ಸ್ವರದ ಮೇಲೆ ಅವರು ಎಷ್ಟು ಹೊತ್ತು ನಿಲ್ಲುತ್ತಾರೆಂದರೆ ಮೂವತ್ತು ಸೆಕೆಂಡಿನ ವಿಡಿಯೋ ನೋಡಿ ರೂಢಿಯಾದ ಮಕ್ಕಳು ಮೊದಲು ಚಡಪಡಿಸಿದರು. ಮೂರನೇ ಶನಿವಾರದ ಹೊತ್ತಿಗೆ ನಾಲ್ಕೈದು ಜನ ಕಣ್ಣು ಮುಚ್ಚಿ ಕೇಳಿದ್ದನ್ನು ನೋಡಿದ್ದೇನೆ. ನಿದ್ದೆ ಮಾಡಿದವರನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಬೆಳಗಾವಿಯ ಪುಟ ಓದಿದ ದಿನ ವರ್ಗದಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ‘ಗಾಂಧಿ ಮುಂದ ಹಾಡಾಕ ಅಂಜಲಿಲ್ಲ, ಉಣ್ಣಾಕ ಕುಂಡ್ರಾಕ ಅಂಜಿದ್ಲು. ನಮಗೂ ಹಂಗ ಆಗತೈತ್ರಿ ಅಕ್ಕೋರ’ ಎಂದಳು. ಇಷ್ಟು ವರ್ಷ ವಿಮರ್ಶೆಯ ಪುಸ್ತಕಗಳನ್ನು ಓದಿದ್ದೇನೆ, ಪುಸ್ತಕವೊಂದರ ತಿರುಳನ್ನು ಇಷ್ಟು ಕಡಿಮೆ ಶಬ್ದಗಳಲ್ಲಿ ಹಿಡಿದದ್ದನ್ನು ಕಂಡಿಲ್ಲ. ತಮ್ಮೂರಿನ ಮದುವೆಗಳಲ್ಲಿ ತಮ್ಮ ಓಣಿಯವರನ್ನು ಕಡೆಯ ಪಂಕ್ತಿಗೆ ಕರೆಯುವುದನ್ನು ಆಕೆ ಹೇಳಿದಳು. ಶಾಲೆಯ ಬಿಸಿಯೂಟದಲ್ಲಿ ಎಲ್ಲರೂ ಕೂಡಿ ಉಣ್ಣುತ್ತೇವೆ, ಆದರೆ ತಾಟು ಹಿಡಿದು ಕೂಡ್ರುವ ಮೊದಲು ಇಂದಿಗೂ ಒಂದು ಸಲ ಆಚೆ ಈಚೆ ನೋಡುತ್ತೇನೆ ಎಂದೂ ಹೇಳಿದಳು. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿದ್ದು ಆ ಆಚೆ ಈಚೆ ನೋಡುವುದನ್ನು ಯಾರೂ ನನಗೆ ಹೀಗೆ ಬಾಯಿಬಿಟ್ಟು ಹೇಳಿರಲಿಲ್ಲ.

ಆಕೆಯನ್ನೇ ಭಾಷಣ ಸ್ಪರ್ಧೆಗೆ ಕಳಿಸಿದೆವು. ವಿಷಯ, ‘ನನಗೆ ಸ್ಫೂರ್ತಿಯಾದ ವ್ಯಕ್ತಿ’. ಭಾಷಣವನ್ನು ನಾನು ಬರೆದುಕೊಡಲಿಲ್ಲ, ಅಲ್ಪಪ್ರಾಣ ಮಹಾಪ್ರಾಣ ತಿದ್ದಿದೆ ಅಷ್ಟೆ. ಮಾವಿನಹಣ್ಣು, ಬೆಳಗಾವಿಯ ಊಟ, ತನ್ನೂರಿನ ಕಡೆಯ ಪಂಕ್ತಿ, ಮೂರನ್ನೂ ಹೇಳಿ ಕೆಳಗಿಳಿದಳು. ಮೊದಲ ಬಹುಮಾನ ಪದ್ಮ ಪ್ರಶಸ್ತಿಗಳನ್ನೆಲ್ಲ ಇಸವಿ ಸಮೇತ ತಪ್ಪಿಲ್ಲದೆ ಒಪ್ಪಿಸಿದ ಹುಡುಗನಿಗೆ ಹೋಯಿತು. ಚುರುಕಾದ ಹುಡುಗ, ಅವನ ಮೇಲೆ ನನಗೇನೂ ಇಲ್ಲ. ನಿರ್ಣಾಯಕರೊಬ್ಬರು ಚಹಾ ಕುಡಿಯುವಾಗ, ‘ನಿಮ್ಮ ಹುಡುಗಿ ಚೊಲೋ ಮಾತಾಡಿದಳು ಮೇಡಮ್, ಆದರೆ ಸ್ಫೂರ್ತಿದಾಯಕ ಅನ್ನಿಸಲಿಲ್ಲ. ಊರಿನ ವಿಷಯ ಬೇಕಾಗಿರಲಿಲ್ಲ’ ಎಂದರು. ಗಾಂಧೀಜಿಯ ಕರೆಗೆ ಹದಿನೆಂಟರ ಹರೆಯದಲ್ಲಿ ಮೋಟೆಬೆನ್ನೂರಿನಿಂದ ಹೋಗಿ 1930ರಲ್ಲಿ ದಂಡಿಗೆ ನಡೆದ ಮೈಲಾರ ಮಹಾದೇವನ ಚಿತ್ರ ಅವರ ಬೆನ್ನ ಹಿಂದೆಯೇ ಇತ್ತು. ಆತನೂ ಬದುಕಿದ್ದಾಗ ಎಷ್ಟು ಜನರಿಗೆ ಬೇಕಾಗದ ವಿಷಯ ಮಾತಾಡಿರಬೇಡ. ಹರೆಯದ ಧೈರ್ಯವನ್ನು ಚಿತ್ರವಾಗಿ ತೂಗುಹಾಕಿದ ಮೇಲೆ ನಾವು ಬಹಳ ಗೌರವಿಸುತ್ತೇವೆ. ಅದು ಎದುರಿಗೆ ನಿಂತು ಮಾತಾಡಿದರೆ ವಿಷಯಾಂತರ ಎನ್ನುತ್ತೇವೆ.

ಮಾತು ಅಲ್ಲಿಗೆ ಮುಗಿಯಲಿಲ್ಲ. ಭಾಷಣದ ಸುದ್ದಿ ಊರಿಗೆ ಮುಟ್ಟಿತು. ನಾಲ್ಕು ದಿನಕ್ಕೆ ಆಕೆಯ ತಂದೆ ಶಾಲೆಗೆ ಬಂದರು. ಬೇರೆಯವರ ಹೊಲದಲ್ಲಿ ದುಡಿಯುವ ಮನುಷ್ಯ, ಒಂದು ದಿನದ ಪಗಾರ ಬಿಟ್ಟು ಬಂದಿದ್ದರು. ‘ನಿನ್ನ ಮಗಳು ಊರಿನ ಮರ್ಯಾದಿ ತಗದಾಳ’ ಎಂದು ಹೊಲದ ಯಜಮಾನರು ಅಂದಿದ್ದರಂತೆ. ಕುರ್ಚಿ ತೋರಿಸಿದರೂ ಕೂಡ್ರಲಿಲ್ಲ. ಮಗಳನ್ನು ಶಾಲೆ ಬಿಡಿಸಲಿಕ್ಕೇ ಬಂದಿದ್ದಾರೆಂದು ನಾನು ತಿಳಿದೆ. ಅವರು ಕೇಳಿದ್ದು ಬೇರೆ. ‘ಅಷ್ಟು ದೊಡ್ಡಾಕಿ ಇದನ್ನ ಖರೇನ ಪುಸ್ತಕದಾಗ ಬರಸ್ಯಾರೇನ್ರಿ? ಇಲ್ಲಾ ನಮ್ಮ ಹುಡುಗಿ ಕಟ್ಟಿ ಹೇಳ್ಯಾಳೊ?’

ಪುಸ್ತಕ ತೆಗೆದು ಪುಟ ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಮಗಳನ್ನು ವರ್ಗದಿಂದ ಕರೆಯಿಸಿದೆ. ಆಕೆ ತಂದೆಯ ಎದುರಿಗೆ ನಿಂತು ಬೆಳಗಾವಿಯ ಪುಟವನ್ನು ಮೊದಲಿನಿಂದ ಓದಿದಳು, ನಡುವೆ ಒಂದು ಕಡೆ ದನಿ ಸಣ್ಣದಾಯಿತು, ಮತ್ತೆ ಓದಿದಳು. ತಂದೆ ಟವೆಲು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು ಕೇಳಿಸಿಕೊಂಡರು.

‘ಆವಾಗ ಆಕಿಗೆ ಎಷ್ಟು ವಯಸ್ಸರಿ?’ ಎಂದರು.

‘ಹನ್ನೊಂದು’ ಎಂದೆ.

‘ಈಕಿಗಿಂತ ಸಣ್ಣಾಕಿ’ ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಮುಂದಿನದನ್ನೂ ಓದೆಂದು ಮಗಳಿಗೆ ಹೇಳಿದರು.